ಕಿವಿ ಚುಚ್ಚಿಸಿದವರು

ನೆಲಮಂಗಲದಿಂದ ನಲ್ಲೂರಿಗೆ ಹೆಚ್ಚೆಂದರೆ ಅರವತ್ತು ಕಿಲೋಮೀಟರ್. ನಾನು ಹದಿನಾಲ್ಕು ವರ್ಷದಿಂದ ಬಸ್ ಕಂಡಕ್ಟರ್, ಅಷ್ಟು ದೂರವನ್ನು ದಿನಕ್ಕೆ ಮೂರು ಸಲ ನಿಂತುಕೊಂಡೇ ಮುಗಿಸುವವಳು. ಅಂಥ ನಾನು ಈ ಅರವತ್ತು ಕಿಲೋಮೀಟರಿಗೆ ಎಂಟು ತಿಂಗಳು ತಯಾರಿ ಮಾಡಿಕೊಂಡೆ ಎಂದರೆ ನಮ್ಮ ಡಿಪೋದಲ್ಲಿ ಯಾರೂ ನಂಬುವುದಿಲ್ಲ. ಅದಕ್ಕೇ ಅಲ್ಲಿ ಯಾರಿಗೂ ಹೇಳಿಲ್ಲ.

ವಿಷಯ ಇಷ್ಟು. ನಮ್ಮ ಮಗಳು ಕೀರ್ತನ ನಾನು ಹೆತ್ತ ಮಗಳಲ್ಲ. ಹತ್ತು ತಿಂಗಳ ಕೂಸಾಗಿದ್ದಾಗ ದೇವನಹಳ್ಳಿ ಕಡೆಯ ಒಂದು ಶಿಶುಗೃಹದಿಂದ ಕಾನೂನು ಪ್ರಕಾರ ದತ್ತು ತಂದುಕೊಂಡೆವು. ಅವಳಿಗೆ ಮಾತು ಅರ್ಥವಾಗುವ ಹೊತ್ತಿನಿಂದಲೇ ಇದು ಗೊತ್ತು, ನಾವು ಮುಚ್ಚಿಟ್ಟಿಲ್ಲ. ಈಗ ಅವಳಿಗೆ ಹನ್ನೆರಡು. ಕಳೆದ ಬೇಸಿಗೆಯಲ್ಲಿ ಒಂದು ದಿನ ಚಪಾತಿ ಲಟ್ಟಿಸುತ್ತ ಕೂತವಳು ತಲೆ ಎತ್ತದೆ, "ಅಮ್ಮ, ನಾನು ಮೊದ್ಲು ಇದ್ದ ಜಾಗ ನೋಡ್ಬೇಕು. ನನ್ನ ನೋಡ್ಕೊಂಡಿದ್ದೋರು ಯಾರಾದ್ರೂ ಸಿಕ್ಕಿದ್ರೆ ಅವ್ರನ್ನೂ ನೋಡ್ಬೇಕು," ಎಂದಳು. ನಾನು "ಆಗ್ಲಿ ಬಿಡು" ಎಂದೆ. ಎಂದವಳು ಸುಮ್ಮನೆ ಹೋಗಿ ಫ್ರಿಡ್ಜಿನ ಬಾಗಿಲು ತೆಗೆದು, ಏನು ಬೇಕಾಗಿತ್ತೆಂದು ತಿಳಿಯದೆ ನಿಂತೆ.

ದತ್ತು ತಂದುಕೊಂಡ ಅಪ್ಪ-ಅಮ್ಮಂದಿರದು ಒಂದು ವಾಟ್ಸಾಪ್ ಗುಂಪಿದೆ. ಅದನ್ನು ನಡೆಸುವವಳು ನವ್ಯಶ್ರೀ ಎಂಬ ಆಪ್ತಸಮಾಲೋಚಕಿ. ಒಳ್ಳೆಯ ಹುಡುಗಿ, ಆದರೆ ಏನು ಕೇಳಿದರೂ ಒಂದು ಪಟ್ಟಿ ಕಳಿಸುತ್ತಾಳೆ. ಇದಕ್ಕೂ ಕಳಿಸಿದಳು, ಮಕ್ಕಳ ಜೊತೆ ಅವರ ಬೇರಿನ ಕಡೆ ಹೋಗುವ ಮುಂಚೆ ತಿಳಿದಿರಬೇಕಾದ ಸಂಗತಿಗಳು ಅಂತ. ಏನು ನೋಡಬೇಕೆಂದು ಮಗುವೇ ಹೇಳಲಿ, ನೀವು ತೀರ್ಮಾನ ಮಾಡಬೇಡಿ. ಭೇಟಿಯಾಗುವವರಿಗೆ ಮೊದಲೇ ಫೋನ್ ಮಾಡಿ, ಅವರ ಒಪ್ಪಿಗೆ ಪಡೆಯಿರಿ. ಒಂದು ದಿನಕ್ಕೆ ಒಂದೇ ಜಾಗ ಸಾಕು. ಮಗುವಿಗೆ ಅಭ್ಯಾಸವಿರುವ ತಿಂಡಿ ಕಟ್ಟಿಕೊಳ್ಳಿ. ನಾನು ಓದುತ್ತ, "ಇದೇನು ಕಾಶಿಯಾತ್ರೆನಾ?" ಎಂದು ಗೊಣಗಿಕೊಂಡೇ ನಿಪ್ಪಟ್ಟು ಕರಿದೆ.

ಪಟ್ಟಿಯಲ್ಲಿ ಇನ್ನೊಂದಿತ್ತು. ಮಗುವಿಗೆ ಸಾಕೆನಿಸಿದರೆ ಎಲ್ಲರೆದುರು ವಿವರಿಸುವ ಕಷ್ಟ ಬೇಡ, ಮನೆಯವರಿಗೆ ಮಾತ್ರ ಗೊತ್ತಾಗುವ ಒಂದು ಮಾತು ಇಟ್ಟುಕೊಳ್ಳಿ. ಕೀರ್ತನ ತಕ್ಷಣ ಆರಿಸಿದಳು. "ನಿಂದೇ ಮಾತು ಅಮ್ಮ. ಹೊರಡ್ಬೇಕು ಅಂದ್ರೆ ರೈಟ್ ರೈಟ್. ಇನ್ನೂ ಸ್ವಲ್ಪ ಹೊತ್ತು ಇರ್ಬೇಕು ಅಂದ್ರೆ ಹೋಲ್ಡಾನ್." ನಮ್ಮವರು ಭೀಮರಾಜ್, ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟವರು, ತಿಂಗಳಿಗೊಮ್ಮೆ ನಗುವವರು, ಅವತ್ತು ಅದಕ್ಕೆ ನಕ್ಕರು.

ಆ ಪಟ್ಟಿಯ ಕೊನೆಯ ಸಾಲನ್ನು ಮಾತ್ರ ನಾನು ಯಾರಿಗೂ ಓದಿ ಹೇಳಲಿಲ್ಲ. 'ಗೊತ್ತಿಲ್ಲದ್ದನ್ನು ಗೊತ್ತಿದೆ ಎನ್ನುವ ಹಾಗೆ ಮಗುವಿಗೆ ಹೇಳಬೇಡಿ. ಈಗಾಗಲೇ ಹೇಳಿದ್ದರೆ ಹೊರಡುವ ಮುಂಚೆ ಸರಿಪಡಿಸಿ.'

ನಾನು ಹೇಳಿದ್ದೆ.

ಕೀರ್ತನಳ ಒಂದೊಂದು ಕಿವಿಗೂ ಎರಡೆರಡು ತೂತು. ಕೂಸು ನಮ್ಮ ಮನೆಗೆ ಬಂದಾಗಲೇ ಕಿವಿ ಚುಚ್ಚಿತ್ತು, ಅರಿಸಿನ ಹಚ್ಚಿದ ದಾರ ಪೋಣಿಸಿತ್ತು. ಬಲಗಿವಿಯ ತೂತು ಸ್ವಲ್ಪ ಸೊಟ್ಟ. ನಮ್ಮತ್ತೆ ನೋಡಿದವರೇ, "ನಮ್ಮ ಮನೆದೇವ್ರ ಮುಂದೆ, ಸೋದರಮಾವನ ತೊಡೆ ಮೇಲೆ ಚುಚ್ಚಿಸ್ದೆ ಇರೋ ಕಿವಿ ನಮ್ಮನೆ ಕಿವಿ ಹೆಂಗಾಯ್ತದೆ?" ಎಂದು ಪಟ್ಟು ಹಿಡಿದರು. ಆಗಲೇ ಚುಚ್ಚಿದ ಕಿವಿಗೆ ಇನ್ನೊಂದು ಸಲ ಚುಚ್ಚಿಸುವ ಬುದ್ಧಿ ನಮ್ಮ ಮನೆಯವರಿಗಲ್ಲದೆ ಬೇರೆ ಯಾರಿಗೂ ಬರಲಿಕ್ಕಿಲ್ಲ. ದಾರ ಕಿತ್ತೆಸೆದರು. ನನ್ನ ತಮ್ಮ ಬೀರೇಶನ ತೊಡೆಯ ಮೇಲೆ ಕೂರಿಸಿ, ಹಳೇ ತೂತಿನ ಮೇಲೆ ಒಂದು ಕಾಳಿನಷ್ಟು ಜಾಗ ಬಿಟ್ಟು ಹೊಸದು ಚುಚ್ಚಿಸಿದರು. ಈಗ ಸ್ಕೂಲಿನ ಹುಡುಗಿಯರೆಲ್ಲ ಅದನ್ನು ಫ್ಯಾಷನ್ ಅಂದುಕೊಂಡಿದ್ದಾರೆ.

ಅವಳಿಗೆ ಐದು ವರ್ಷವಿದ್ದಾಗ ಪಕ್ಕದ ಮನೆಯ ಮಗು ಏನೋ ಅಂದಿತ್ತು. ಅತ್ತುಕೊಂಡು ಬಂದು ಕನ್ನಡಿಯ ಮುಂದೆ ನಿಂತು, "ನಂಗೆ ಮಾತ್ರ ಯಾಕೆ ಎರಡು?" ಎಂದು ಕೇಳಿದಳು. ಆ ಮುಖ ನೋಡಲಾರದೆ, ಹಿಂದುಮುಂದು ಯೋಚಿಸದೆ ಹೇಳಿಬಿಟ್ಟೆ: "ಕೆಳಗಿಂದು ನಿನ್ನ ಹೆತ್ತಮ್ಮ ಚುಚ್ಚಿಸಿದ್ದು, ಮೇಲಿಂದು ನಾನು. ಇಬ್ರಿಗೂ ನೀನು ಬೇಕಾಗಿದ್ದೆ, ಅದಕ್ಕೇ ಎರಡು."

ಹಸಿ ಸುಳ್ಳು. ಶಿಶುಗೃಹಕ್ಕೆ ಬಂದಾಗ ಅವಳು ಮೂರು ದಿನದ ಕೂಸೆಂದು ಕಾಗದದಲ್ಲೇ ಬರೆದಿದೆ. ಮೂರು ದಿನದ ಕೂಸಿಗೆ ಕಿವಿ ಚುಚ್ಚಿಸುವ ತಾಯಿಯನ್ನು ನಾನು ಕಂಡಿಲ್ಲ, ಕೇಳಿಲ್ಲ. ಒಂದು ದಿನದ ಅಳು ನಿಲ್ಲಿಸಲು ಹೇಳಿದ ಮಾತು ಅವಳೊಳಗೆ ಬೇರು ಬಿಟ್ಟಿತು. ಪ್ರತಿ ಹುಟ್ಟುಹಬ್ಬಕ್ಕೆ ಮೇಲಿನ ಓಲೆ ತೆಗೆದಿಟ್ಟು, ಕೆಳಗಿನದಕ್ಕೆ ಮಾತ್ರ ಸಾಸಿವೆಯಷ್ಟು ಚಿಕ್ಕ ಬೆಳ್ಳಿ ಓಲೆ ಹಾಕಿಕೊಳ್ಳುತ್ತಾಳೆ. ನಾನು ನೋಡಿಯೂ ನೋಡದ ಹಾಗೆ ಪಾಯಸ ಬಡಿಸುತ್ತೇನೆ.

ಜನವರಿಯ ಒಂದು ಭಾನುವಾರ ಹೊರಟೆವು. ಹುಟ್ಟುಹಬ್ಬವಲ್ಲದಿದ್ದರೂ ಅವಳು ಆ ಬೆಳ್ಳಿ ಓಲೆಯನ್ನೇ ಹಾಕಿಕೊಂಡಿದ್ದಳು. ಭೀಮರಾಜ್ ಕಾರು ಓಡಿಸುತ್ತಿದ್ದರು. ದೊಡ್ಡಬಳ್ಳಾಪುರ ಬರಲಿ, ಟೀ ಕುಡಿಯುತ್ತ ಹೇಳಿಬಿಡೋಣ ಎಂದುಕೊಂಡೆ. ದೊಡ್ಡಬಳ್ಳಾಪುರ ಬಂತು, ಟೀ ಕುಡಿದೆವು, ಹೋಯಿತು. ದೇವನಹಳ್ಳಿ ಬರಲಿ ಎಂದುಕೊಂಡೆ. ಅಷ್ಟರಲ್ಲಿ ಹಿಂದಿನ ಸೀಟಿನಿಂದ ಅವಳೇ ಶುರು ಮಾಡಿದಳು.

"ಅಮ್ಮ, ನನ್ನ ನೋಡ್ಕೊಂಡಿದ್ದ ಆ ಆಯಾ ಅಜ್ಜಿಗೆ ನನ್ನ ಹೆತ್ತಮ್ಮ ಯಾರು ಅಂತ ಗೊತ್ತಿಲ್ದೇ ಇರ್ಬೋದು. ಆದ್ರೆ ನೋಡಾದ್ರೂ ನೋಡಿರ್ತಾರೆ ಅಲ್ವಾ? ಕಿವಿ ಚುಚ್ಚಿಸಿ ಕಳಿಸ್ದೋರನ್ನ ಯಾರು ಮರೀತಾರೆ?"

ಭೀಮರಾಜ್ ಕನ್ನಡಿಯಲ್ಲಿ ನನ್ನನ್ನೇ ನೋಡಿದರು. ಅವರಿಗೆ ಎಲ್ಲ ಗೊತ್ತು. ನಾನು ಕಿಟಕಿಯ ಆಚೆ ನೋಡಿದೆ.

ಶಿಶುಗೃಹ ಮುಚ್ಚಿ ಮೂರು ವರ್ಷವಾಗಿದೆ. ಆ ಕಟ್ಟಡದಲ್ಲಿ ಈಗ ಟೈಲ್ಸ್ ಅಂಗಡಿ. ಕೀರ್ತನ ಗೇಟಿನ ಕಂಬಿ ಹಿಡಿದು ಎರಡು ನಿಮಿಷ ನೋಡಿ, "ಇಷ್ಟೇನಾ?" ಎಂದಳು. ಫೋಟೋ ಬೇಡವೆಂದಳು. ಅವಳ ಜೀವವೆಲ್ಲ ಮುಂದಿನ ಮನೆಯಲ್ಲಿತ್ತು.

ಆ ಶಿಶುಗೃಹದಲ್ಲಿ ಆಯಾ ಆಗಿದ್ದ ಮುನಿವೆಂಕಟಮ್ಮ ನಲ್ಲೂರಿನವರು. ನವ್ಯಶ್ರೀ ಹುಡುಕಿ, ಮಾತಾಡಿ, ಒಪ್ಪಿಸಿದ್ದಳು. ಬಾಗಿಲಲ್ಲಿ ಚಕ್ಕೋತದ ಗಿಡ, ಹೆಂಚಿನ ಚಿಕ್ಕ ಮನೆ. ಅರವತ್ತು ದಾಟಿದ ಸಣಕಲು ಹೆಂಗಸು ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತ ಕಾಯುತ್ತಿದ್ದರು. ಅವರನ್ನು ಒಂದು ನಿಮಿಷ ಪಕ್ಕಕ್ಕೆ ಕರೆದು, 'ಮಗು ಕೇಳಿದರೆ ಕಿವಿ ಮೊದಲೇ ಚುಚ್ಚಿತ್ತು ಅಂದುಬಿಡಿ' ಎಂದು ಬೇಡಿಕೊಳ್ಳಬೇಕೆಂದು ನಾನು ದಾರಿಯಲ್ಲಿ ಲೆಕ್ಕ ಹಾಕಿಕೊಂಡಿದ್ದೆ. ಹೌದು, ಅಷ್ಟು ಕೆಳಗಿಳಿದಿದ್ದೆ. ಆದರೆ ಆ ಹೆಂಗಸು ನನಗೆ ನಮಸ್ಕಾರ ಹೇಳಲೂ ಬಿಡಲಿಲ್ಲ. ಮೊರ ಪಕ್ಕಕ್ಕಿಟ್ಟು ಎದ್ದವರೇ ನೇರ ಕೀರ್ತನಳ ಹತ್ತಿರ ಬಂದು, ಕೂದಲು ಸರಿಸಿ, ಬಲಗಿವಿ ಹಿಡಿದರು.

"ಐತೆ! ಸೊಟ್ಟ ಹಂಗೇ ಐತೆ! ಮುಚ್ಚೋಗಿಲ್ಲ! ಆ ಆಚಾರಿಗೆ ಅವತ್ತೇ ಬೈದಿದ್ದೆ ಕಣವ್ವ, ಹೆಣ್ಣುಕೂಸಿನ ಕಿವಿ ಹಿಂಗಾ ಚುಚ್ಚೋದು ಅಂತ."

ಕೀರ್ತನ ಅಲುಗಾಡಲಿಲ್ಲ. "ಅಜ್ಜಿ, ಇದನ್ನ ಚುಚ್ಚಿಸಿದ್ದು... ನೀವಾ?"

"ಇನ್ಯಾರು? ನಾನೇಯ. ನಿಂಗೆ ಮನೆ ಗೊತ್ತಾಗೈತೆ, ಬರೋ ತಿಂಗ್ಳು ಕರ್ಕೊಂಡೋಯ್ತಾರೆ ಅಂದ್ರು ಮೇಡಮ್ಮು. ಬೋಳು ಕಿವೀಲಿ ಕಳಿಸೋಕಾಯ್ತದಾ ಹೆಣ್ಣುಮಗೀನ? ಈ ಕೂಸಿಗೆ ಯಾರೂ ಇರ್ಲಿಲ್ಲ, ಯಾರೂ ಏನೂ ಮಾಡ್ಲಿಲ್ಲ ಅಂದ್ಕೊಳ್ಳಲ್ವಾ ಆ ಮನೆಯೋರು? ಅದುಕ್ಕೆ ಡಾಕ್ಟ್ರಿಗೆ ತೋರಿಸ್ಕೊಂಡು ಬತ್ತೀನಿ ಅಂತ ಸುಳ್ಳೇಳಿ ಇಲ್ಲಿಗೆ ಎತ್ಕೊಂಡು ಬಂದ್ಬಿಟ್ಟೆ. ಸೋದರಮಾವನ ತೊಡೆ ಬೇಕಲ್ಲ, ನಮ್ಮಣ್ಣ ಪಿಳ್ಳಪ್ಪನ್ನ ಕೂರಿಸ್ದೆ. ಆಮ್ಯಾಕೆ ಮೇಡಮ್ಮು ಎಂಟು ದಿನ ಬೈದ್ರು. ಬೈಕೊಳ್ಳಿ ಅಂದೆ."

"ಹೆತ್ತಮ್ಮ ಅಲ್ವಾ?"

"ಅವ್ರನ್ನ ನಾನು ನೋಡ್ಲಿಲ್ಲ ಮಗಾ. ಬೆಳಿಗ್ಗೆ ಡ್ಯೂಟಿಗೆ ಬಂದೆ, ತೊಟ್ಲಲ್ಲಿ ನೀನು ಹಸಿರು ಟವಲ್ ಸುತ್ಕೊಂಡು ಮಲಗಿದ್ದೆ. ಅಷ್ಟೇ ನಂಗೆ ಗೊತ್ತಿರೋದು. ಗೊತ್ತಿಲ್ದಿದ್ದನ್ನ ಹೆಂಗೇಳ್ಲಿ?"

ಕೀರ್ತನ ನನ್ನ ಕಡೆ ತಿರುಗಿ ನೋಡಿದಳು. ಹನ್ನೊಂದು ವರ್ಷದಲ್ಲಿ ಆ ಹುಡುಗಿ ನನ್ನನ್ನು ಹಾಗೆ ಯಾವತ್ತೂ ನೋಡಿರಲಿಲ್ಲ. ಮೊದಲು ಇಲ್ಲಿಂದ ಹೊರಡಬೇಕು, ಉಳಿದದ್ದು ಮನೆಯಲ್ಲಿ ನೋಡಿಕೊಳ್ಳೋಣ ಎನಿಸಿ ಬಾಯಿಂದ ಬಂದುಬಿಟ್ಟಿತು: "ರೈಟ್ ರೈಟ್. ಹೊರಡೋಣ ನಡಿ ಕೀರ್ತು."

"ಹೋಲ್ಡಾನ್," ಎಂದಳು. "ರೈಟ್ ರೈಟ್ ಅನ್ನೋದು ನಾನು. ನೀನಲ್ಲ."

ಅಷ್ಟು ಹೇಳಿ ಚಪ್ಪಲಿ ಮೆಟ್ಟಿಕೊಂಡು ಊರಂಚಿನ ಹುಣಸೆ ತೋಪಿನ ಕಡೆ ನಡೆದಳು.

ನಾನು ಓಡಹೊರಟೆ. ಭೀಮರಾಜ್ ಕೈ ಹಿಡಿದು, "ಒಂದೈದು ನಿಮಿಷ ಬಿಡೇ," ಎಂದರು. ಆ ಐದು ನಿಮಿಷವನ್ನು ನಾನು ಹೇಗೆ ಕಳೆದೆನೋ ದೇವರಿಗೇ ಗೊತ್ತು. ಮುನಿವೆಂಕಟಮ್ಮ ಏನೂ ಅರ್ಥವಾಗದೆ, "ನಾನೇನಾರ ತಪ್ಪು ಮಾತಾಡಿದ್ನಾ ತಾಯಿ?" ಎಂದು ಕೇಳಿದರು. "ನೀವಲ್ಲ ಕಣಮ್ಮ, ನಾನು," ಎಂದು ತೋಪಿನ ಕಡೆ ಹೋದೆ.

ನಲ್ಲೂರಿನ ಹುಣಸೆಮರಗಳು ಎಷ್ಟು ಹಳೆಯವೋ ಊರಿನವರೇ ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಒಪ್ಪುವುದಿಲ್ಲ. ಕೆಲವು ಮರಗಳ ಹೊಟ್ಟೆ ಟೊಳ್ಳಾಗಿದೆ, ಆದರೂ ಮೇಲೆ ಎಲೆ ತುಂಬಿದೆ. ಅಂಥ ಒಂದರ ಬೇರಿನ ಮೇಲೆ ಕೂತಿದ್ದಳು. ಓಲೆ ಬಿಚ್ಚಿ ಅಂಗೈಯಲ್ಲಿ ಹಿಡಿದಿದ್ದಳು. ನಾನು ಪಕ್ಕದಲ್ಲಿ ಕೂತೆ, ಮುಟ್ಟಲು ಧೈರ್ಯವಾಗಲಿಲ್ಲ.

"ಸುಳ್ಳು ಹೇಳ್ದೆ ಕೀರ್ತು. ನೀನು ಅಳ್ತಿದ್ದೆ, ಹೇಳ್ಬಿಟ್ಟೆ. ತಪ್ಪಾಯ್ತು."

"ಅವಾಗ ಐದು ವರ್ಷ, ಹೇಳ್ದೆ, ಸರಿ. ಆಮೇಲೆ ಏಳು ವರ್ಷ?"

"ಧೈರ್ಯ ಬರ್ಲಿಲ್ಲ."

"ಟಿಕೆಟ್ ತಗೊಳ್ದೇ ಇರೋರನ್ನ ಇಡೀ ಬಸ್ಸಿಗೆ ಕೇಳ್ಸೋ ಹಂಗೆ ಬೈತೀಯ."

ನಾನು ತಲೆ ತಗ್ಗಿಸಿದೆ.

"ನಾನು ಹುಟ್ಟುಹಬ್ಬಕ್ಕೆ ಈ ಓಲೆ ಹಾಕ್ಕೊಂಡು ಅವ್ರ ಹತ್ರ ಮಾತಾಡ್ತಿದ್ದೆ ಅಮ್ಮ. ಮನಸ್ಸಲ್ಲೇ. ಥ್ಯಾಂಕ್ಸ್ ಅಂತಿದ್ದೆ." ಓಲೆ ಹಿಡಿದ ಅಂಗೈ ಮುಚ್ಚಿದಳು. "ಹಂಗಾದ್ರೆ ಅವ್ರಿಗೆ ನಾನು ಬೇಕಾಗಿರ್ಲಿಲ್ವಾ?"

ಇನ್ನೊಂದು ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಎಷ್ಟು ಸುಲಭವಾಗಿ ಬರುತ್ತದೆ ನೋಡಿ. ನುಂಗಿಕೊಂಡೆ. "ಗೊತ್ತಿಲ್ಲ ಕಣೇ. ಅವ್ರಿಗೆ ಏನು ಕಷ್ಟ ಇತ್ತೋ, ಏನು ಅಂದ್ಕೊಂಡ್ರೋ, ನಿಜವಾಗ್ಲೂ ನಂಗೆ ಗೊತ್ತಿಲ್ಲ. ನಂಗೆ ಬೇಕಾಗಿದ್ದೆ, ಅದೊಂದು ಗೊತ್ತು."

ಅವಳು ಅತ್ತಳು. ನಾನೂ ಅತ್ತೆ. ಒಬ್ಬರನ್ನೊಬ್ಬರು ಮುಟ್ಟದೆ, ಒಂದೇ ಬೇರಿನ ಮೇಲೆ ಕೂತು ಅತ್ತೆವು.

ಆಗ ಕೋಲೂರಿಕೊಂಡು ಒಬ್ಬ ಮುದುಕಪ್ಪ ಬಂದರು. ಬಿಳಿ ಪಂಚೆ, ಎರಡೂ ಕಡೆ ತಿರುವಿದ ಬಿಳಿ ಮೀಸೆ. ನಮ್ಮ ಕಣ್ಣೀರನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ, ಕೋಲಿನಿಂದ ಕೀರ್ತನಳ ಕಡೆ ತೋರಿಸಿ ಕೇಳಿದರು: "ನನ್ ಪಂಚೆ ಮೇಲೆ ಉಚ್ಚೆ ಹುಯ್ದ ಸೊಸೆ ಇವ್ಳೇನಾ?"

ಕೀರ್ತನ ತಬ್ಬಿಬ್ಬಾಗಿ ನೋಡಿದಳು.

"ನಾನು ಪಿಳ್ಳಪ್ಪ. ಕಿವಿ ಚುಚ್ಚೋವಾಗ ನನ್ ತೊಡೆ ಮೇಲೇ ಕೂತಿದ್ದೆ ಕಣವ್ವ ನೀನು. ಹೊಸ ಪಂಚೆ, ಅವತ್ತೇ ಉಟ್ಟಿದ್ದೆ, ಎಲ್ಲಾ ನೆನೆಸಿ ತೊಪ್ಪೆ ಮಾಡ್ಬಿಟ್ಟೆ. ಚುಚ್ಚಿದ್ರೆ ಮಕ್ಳು ಅಳ್ತವೆ, ನೀನು ಅಳ್ಲಿಲ್ಲ. ಈ ಮೀಸೆ ಹಿಡ್ಕೊಂಡ್ಬಿಟ್ಟೆ ನೋಡು, ಎರಡೂ ಕಿವಿ ಮುಗಿಯೋಗಂಟ ಬಿಡ್ಲೇ ಇಲ್ಲ. ಅವತ್ತು ಅತ್ತಿದ್ದು ನಾನು. ಊರೋರು ಇವತ್ತಿಗೂ ಆಡ್ಕೊಂಡು ನಗ್ತಾರೆ."

ಮೂಗು ಸೋರುತ್ತಿದ್ದಂತೆಯೇ ಕೀರ್ತನಳಿಗೆ ನಗು ಬಂತು. ಮೊದಲು ತಡೆದುಕೊಂಡಳು, ಆಮೇಲೆ ಆಗಲಿಲ್ಲ. ಪಿಳ್ಳಪ್ಪನವರು ಗಂಭೀರವಾಗಿ ಮೀಸೆ ಮುಂದೆ ಮಾಡಿ, "ಬೇಕಾದ್ರೆ ಇನ್ನೊಂದ್ಸಲ ಹಿಡ್ಕೊ," ಎಂದರು. ಅವಳು ನಿಜವಾಗಿಯೂ ಎರಡು ಬೆರಳಲ್ಲಿ ತುದಿ ಹಿಡಿದು ನೋಡಿದಳು.

"ಸೋದರಮಾವ ಅಂದ್ಮೇಲೆ ಕೂಸಿಗೆ ಬಟ್ಟೆ ತರ್ಬೇಕಾಗಿತ್ತು," ಎಂದರು. "ಅವಾಗ ತರಾಕಾಗ್ಲಿಲ್ಲ. ಮುಂದಿನ ತಿಂಗ್ಳು ಆ ಕೂಸು ಎಂಗೈತೆ ಅಂತ ಕೇಳಿದ್ರೆ, ಅದ್ರ ಮನೆಗೋಯ್ತು ಅಂದ್ಳು ನಮ್ ಮುನಿ. ಎಂಥೋರ ಮನೆಗೋಯ್ತೋ ಅಂತ ಎಷ್ಟೋ ದಿನ ಅಂದ್ಕೊಂಡಿದ್ದುಂಟು." ನನ್ನ ಕಡೆ ಒಮ್ಮೆ ನೋಡಿದರು. "ಊಟಕ್ಕೆ ಬನ್ನಿ. ಹಿತಕಿದ ಬೇಳೆ ಸಾರು ಮಾಡವ್ಳೆ, ಆರೋದ್ರೆ ನನ್ನ ಬೈತಾಳೆ."

ಅವರು ಮುಂದೆ ನಡೆದರು. ಕೀರ್ತನ ಎದ್ದು ಲಂಗದ ಧೂಳು ಕೊಡವಿದಳು. ಬೆಳ್ಳಿ ಓಲೆಯನ್ನು ಮತ್ತೆ ಕೆಳಗಿನ ತೂತಿಗೇ ಹಾಕಿಕೊಂಡಳು. ಆಮೇಲೆ ನನ್ನತ್ತ ತಿರುಗಿ ಕಣ್ಣು ಕಿರಿದು ಮಾಡಿ ಕೇಳಿದಳು:

"ಮೇಲಿಂದಾದ್ರೂ ನೀನೇ ಚುಚ್ಚಿಸಿದ್ದಾ? ಇಲ್ಲ ಅದೂ ಸುಳ್ಳಾ?"

ಇವತ್ತು ಹೇಗೂ ಮರ್ಯಾದೆ ಹೋಗಿದೆ, ಪೂರ್ತಿ ಹೋಗಲಿ ಎನಿಸಿತು. "ಅದೂ ನಾನಲ್ಲ. ನಿಮ್ಮಜ್ಜಿ ಚುಚ್ಚಿಸಿದ್ದು. ಇನ್ನೊಂದ್ಸಲ ಯಾಕತ್ತೆ, ಬೇಡ ಅಂದೆ, ಕೇಳ್ಲಿಲ್ಲ. ನಾನು ಗುಡಿ ಆಚೆ ಕಿವಿ ಮುಚ್ಕೊಂಡು ನಿಂತಿದ್ದೆ. ನೀನು ಅತ್ರೆ ಕೇಳೋಕಾಗಲ್ಲ ಅಂತ."

ಅವಳು ಎರಡೂ ತೂತು ಮುಟ್ಟಿ ನೋಡಿಕೊಂಡಳು. "ಆ ಅಜ್ಜಿ ಮೇಡಮ್ಮಿಗೆ ಸುಳ್ಳು ಹೇಳಿದ್ರು, ನೀನು ನಂಗೆ ಹೇಳ್ದೆ. ನನ್ನ ಕಿವಿಗೋಸ್ಕರ ಎಲ್ರೂ ಸುಳ್ಳು ಹೇಳೋರೇ," ಎಂದಳು. ಕೋಪ ಇನ್ನೂ ಇತ್ತು, ಆದರೆ ನಡೆಯುವಾಗ ನನ್ನ ಪಕ್ಕದಲ್ಲೇ ನಡೆದಳು.

ಊಟ ಮುಗಿಯುವ ಹೊತ್ತಿಗೆ ಅವಳು ಮುನಿವೆಂಕಟಮ್ಮನಿಂದ ಎಲ್ಲವನ್ನೂ ಕೆದಕಿ ತೆಗೆದಿದ್ದಳು. ತಾನು ರಾಗಿ ಸರಿ ಉಗುಳುತ್ತಿದ್ದದ್ದು, ಫ್ಯಾನ್ ನೋಡಿದರೆ ನಗುತ್ತಿದ್ದದ್ದು, ಮುನಿವೆಂಕಟಮ್ಮ ರಜೆ ಹಾಕಿದ ದಿನ ಬೇರೆಯವರ ಕೈಯಲ್ಲಿ ಹಾಲು ಕುಡಿಯದೆ ಹಟ ಮಾಡುತ್ತಿದ್ದದ್ದು. ಹೆತ್ತಮ್ಮನ ವಿಚಾರ ಒಂದು ಸಾಲೂ ಸಿಗಲಿಲ್ಲ. ಆದರೆ ಆ ಮೊದಲ ಹತ್ತು ತಿಂಗಳ ಕತೆ ಬೇಕಾದಷ್ಟು ಸಿಕ್ಕಿತು. ನಾನು ಕಟ್ಟಿಕೊಂಡು ಹೋಗಿದ್ದ ನಿಪ್ಪಟ್ಟನ್ನು ಪಿಳ್ಳಪ್ಪನವರೇ ಖಾಲಿ ಮಾಡಿದರು.

ಹೊರಡುವಾಗ ಮುನಿವೆಂಕಟಮ್ಮ ಒಳಗಿನಿಂದ ಮೊರ ತಂದರು. ಅಕ್ಕಿ, ಬೆಲ್ಲದ ಅಚ್ಚು, ತೆಂಗಿನಕಾಯಿ, ಎಲೆ ಅಡಿಕೆ, ಮೇಲೊಂದು ಚಕ್ಕೋತ. ತವರಿನಿಂದ ಹೊರಡುವ ಮಗಳಿಗೆ ಕೊಡುವ ಮಡಿಲಕ್ಕಿ. ಕೀರ್ತನಳಿಗೇನೋ ಮಾಡುತ್ತಾರೆ ಎಂದು ನಾನು ಪಕ್ಕಕ್ಕೆ ಸರಿದೆ.

"ನೀನು ಬಾ ತಾಯಿ, ಸೆರಗು ಹಿಡಿ," ಎಂದರು. "ಮದುವೆಯಾಗ್ದಿರೋ ಮಗೀಗೆ ಮಡ್ಲಕ್ಕಿ ಹಾಕಲ್ಲ. ಕೂಸು ನಮ್ಮನೆಯಿಂದ ಹೋಗೈತೆ. ಅಂದ್ಮೇಲೆ ಕೂಸಿನ ಅವ್ವಂಗೂ ಇದೇ ತವರು ತಾನೆ?"

ನಮ್ಮವ್ವ ಹೋದ ಮೇಲೆ ಒಂಬತ್ತು ವರ್ಷದಿಂದ ನನ್ನ ಸೆರಗಿಗೆ ಯಾರೂ ಅಕ್ಕಿ ಹಾಕಿರಲಿಲ್ಲ. ಮಗಳನ್ನು ಎಲ್ಲಿ ಕಳೆದುಕೊಂಡು ಬರುತ್ತೇನೋ ಎಂದು ನಡುಗುತ್ತ ಬಂದ ಮನೆಯಲ್ಲಿ ಸೆರಗೊಡ್ಡಿ ನಿಂತೆ. ಅವರು ಮೂರು ಬೊಗಸೆ ತುಂಬಿ ಹಾಕಿದರು. ಕೀರ್ತನ ಪಕ್ಕದಲ್ಲಿ ನಿಂತು ಚಕ್ಕೋತ ಉರುಳದ ಹಾಗೆ ಹಿಡಿದುಕೊಂಡಳು.

ಕಾರು ದೇವನಹಳ್ಳಿ ದಾಟಿತು. ಮಡಿಲಲ್ಲಿ ಅಕ್ಕಿಯ ಗಂಟಿತ್ತು. ಇನ್ನು ಈ ಹುಡುಗಿ ನಾನು ಹೇಳುವ ಯಾವ ಮಾತನ್ನಾದರೂ ನಂಬುತ್ತಾಳೋ ಇಲ್ಲವೋ ಎಂಬುದೊಂದೇ ತಲೆಯಲ್ಲಿ ಸುತ್ತುತ್ತಿತ್ತು.

ದೊಡ್ಡಬಳ್ಳಾಪುರದಲ್ಲಿ ಬೆಳಿಗ್ಗೆ ಟೀ ಕುಡಿದ ಅಂಗಡಿಯ ಹತ್ತಿರ ಅವಳು ಮುಂದಕ್ಕೆ ಬಾಗಿ ಅಪ್ಪನ ಭುಜ ತಟ್ಟಿದಳು. "ಅಪ್ಪ, ಹೋಲ್ಡಾನ್."

ಭೀಮರಾಜ್ ಗಾಬರಿಯಾಗಿ ಗಾಡಿ ಪಕ್ಕಕ್ಕೆ ಹಾಕಿದರು. ಆಚೆ ಬದಿಯಲ್ಲಿ ಒಂದು ಚಿಕ್ಕ ಬೆಳ್ಳಿ-ಬಂಗಾರದ ಅಂಗಡಿ, ಬಾಗಿಲಲ್ಲಿ 'ಕಿವಿ ಮೂಗು ಚುಚ್ಚಲಾಗುವುದು' ಎಂದು ಬೋರ್ಡು.

"ನಂಗೆ ಮೂರನೇದು ಬೇಕು," ಎಂದಳು.

"ಕಿವಿನೇನೇ ಅದು, ಜರಡಿನಾ?" ಎಂದೆ. ಅಭ್ಯಾಸಬಲ, ಬೈಗುಳವೇ ಮೊದಲು ಬರುತ್ತದೆ. "ನಿಮ್ಮಜ್ಜಿ ನನ್ನ ಮನೆಯೊಳಗೆ ಸೇರಿಸ್ತಾರಾ?"

"ಒಂದು ಅಲ್ಲಿಯ ಅಜ್ಜಿದು, ಒಂದು ನಮ್ಮಜ್ಜಿದು. ನಿಂದು ಒಂದೂ ಇಲ್ಲ," ಎಂದಳು. "ಈ ಸಲ ನೀನು ಆಚೆ ನಿಂತ್ಕೋಬಾರ್ದು. ಒಳಗೆ ಬಂದು ನನ್ನ ಕೈ ಹಿಡ್ಕೋಬೇಕು. ನಾನು ಅತ್ರೂ ಬಿಡ್ಬಾರ್ದು."

ನನ್ನ ಕಣ್ಣಿಗೆ ಆ ಬೋರ್ಡು ಮಸುಕಾಯಿತು. ಭೀಮರಾಜ್ ಕೈಚಾಚಿ ಮಡಿಲಕ್ಕಿಯ ಗಂಟನ್ನು ನನ್ನ ತೊಡೆಯಿಂದ ತಮ್ಮ ತೊಡೆಗೆ ತೆಗೆದುಕೊಂಡರು. ನಾನು ಕಾರಿನ ಬಾಗಿಲು ತೆಗೆದು ಕೆಳಗಿಳಿದು, ಅವಳ ಕೈ ಹಿಡಿದುಕೊಂಡೆ.

"ರೈಟ್ ರೈಟ್," ಎಂದಳು ಕೀರ್ತನ.